ನುಂಗವ್ವ, ಉಗುಳಬ್ಯಾಡ

ಮುಂಬೈ ಪಕ್ಕದ ಠಾಣೆ ಊರಿನಿಂದ ಹೊರಟ ಸ್ಲೋ ಲೋಕಲ್ ರೈಲು ಕಳವಾ ದಾಟುವಷ್ಟರಲ್ಲಿ ಅವ್ವ ನನ್ನ ಮೊಣಕೈ ಹಿಡಿದು ಜಗ್ಗಿದಳು. ಆಗಷ್ಟೇ ಹಲ್ಲು ಕೀಳಿಸಿಕೊಂಡು ಬಲ ದವಡೆಯಲ್ಲಿ ಹತ್ತಿ ಕಚ್ಚಿಕೊಂಡಿದ್ದಳು, ಮಾತಾಡುವಂತಿರಲಿಲ್ಲ. ಕಿಟಕಿಯತ್ತ ಬೆರಳು ಮಾಡಿ, ಉಗುಳಲೇನು ಎಂದು ಕಣ್ಣಲ್ಲೇ ಕೇಳಿದಳು.

"ನುಂಗವ್ವ, ಉಗುಳಬ್ಯಾಡ."

ಮುಖ ಕಿವಿಚಿಕೊಂಡು ನುಂಗಿದಳು. ಮುಂಬ್ರಾದಲ್ಲಿ ಮತ್ತೆ ಜಗ್ಗಿದಳು. ದಿವಾದಲ್ಲಿ ಮತ್ತೆ. ಡೊಂಬಿವಲಿ ಬರುವವರೆಗೂ ಅವಳ ಕೈ ಬಿಡಲಿಲ್ಲ ನಾನು.

ನನ್ನ ಹಟಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನನ್ನ ಬುದ್ಧಿಹಲ್ಲು ಕೀಳಿಸಿದ್ದೆ. ಗುಳಿಗೆ ಚೀಟಿ ಕೊಟ್ಟು ಕಳಿಸಿದರು, ಒಂದು ಮಾತೂ ಹೇಳಲಿಲ್ಲ. ಬಾಯಿ ಸ್ವಚ್ಛವಾಗಿರಲಿ ಎಂದು ಅವತ್ತೇ ಸಂಜೆ ಉಪ್ಪುನೀರು ಹಾಕಿ ಜೋರಾಗಿ ಮುಕ್ಕಳಿಸಿದೆ, ದಾರಿಯಲ್ಲಿ ಸ್ಟ್ರಾ ಹಾಕಿ ಎಳನೀರು ಹೀರಿದೆ, ಕೆಂಪು ಕಂಡಾಗಲೆಲ್ಲ ಉಗುಳಿದೆ. ಮೂರನೇ ರಾತ್ರಿ ಕಿವಿಯಿಂದ ಕಣತಲೆಯವರೆಗೆ ಎದ್ದ ನೋವು ಈಗಲೂ ನೆನಪಿದೆ. ಇನ್ನೊಬ್ಬ ಡಾಕ್ಟರು ಟಾರ್ಚು ಹಿಡಿದು ನೋಡಿ, ಗುಳಿ ಖಾಲಿಯಾಗಿದೆ, ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ ಎಂದರು. ಹಲ್ಲು ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬೇಕಂತೆ. ಬರಿದಾದ ಮೂಳೆಗೂ ನರದ ತುದಿಗೂ ಆ ಹೆಪ್ಪೇ ಹೊದಿಕೆ, ಹೊಸ ಮಾಂಸ ಬೆಳೆಯುವುದೂ ಅದರಲ್ಲೇ. ಹೀರಿದರೆ, ಉಗುಳಿದರೆ, ಮುಕ್ಕಳಿಸಿದರೆ ಅದು ಕಿತ್ತು ಬರುತ್ತದೆ. ಗುಳಿ ತೊಳೆದು ಲವಂಗದೆಣ್ಣೆಯ ವಾಸನೆಯ ಔಷಧಿಯ ಪಟ್ಟಿ ತುಂಬಿದ ಮೇಲೆ ನೋವು ಇಳಿಯಿತು. ಹೀರಬೇಡ, ಉಗುಳಬೇಡ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

ಅವ್ವನಿಗೆ 64. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್, ಅಂದರೆ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ, ಹಾಕಿದ್ದಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಆಸ್ಪಿರಿನ್ ಗುಳಿಗೆ ಇದೆ. ಹಲ್ಲಿನ ಡಾಕ್ಟರು ಹೃದಯದ ಡಾಕ್ಟರನ್ನು ವಿಚಾರಿಸಿಯೇ ದಿನ ಗೊತ್ತುಮಾಡಿದ್ದರು. ಗುಳಿಗೆ ಬಿಡಬಾರದೆಂದೂ ಹೇಳಿದ್ದರು. ಹಲ್ಲು ಕೀಳಿಸುವ ಹಿಂದಿನ ರಾತ್ರಿ ಗುಳಿಗೆಯ ಪಟ್ಟಿ ನೋಡುತ್ತೇನೆ, ಎರಡು ಗುಳಿಗೆ ಹೆಚ್ಚಿಗೆ ಉಳಿದಿವೆ. "ಕೆಳಗಿನ ಮನಿ ಕಾಕು ಹೇಳಿದ್ಲು, ರಕ್ತ ನಿಂದ್ರೂದಿಲ್ಲ ಅಂತ" ಅಂದಳು ಅವ್ವ. ನನಗೆ ಸಿಟ್ಟಿಗಿಂತ ಹೆದರಿಕೆ ಬಂತು. ಫೋನು ಮಾಡಿದರೆ, ಇವತ್ತಿನ ಗುಳಿಗೆ ಈಗಲೇ ಕೊಡಿ ಎಂದರು ಡಾಕ್ಟರು. ಒಸಡಿನ ರಕ್ತವನ್ನು ಹೊಲಿಗೆ ಹಾಕಿ, ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ ಎಂದೂ ಹೇಳಿದರು.

ಬೆಳಿಗ್ಗೆ ಹತ್ತಕ್ಕೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ರಕ್ತ ನಿಲ್ಲದಿದ್ದರೆ ಕ್ಲಿನಿಕ್ಕು ತೆರೆದಿರುತ್ತದೆ. ಮಧ್ಯಾಹ್ನದ ಲೋಕಲ್ಲಿನಲ್ಲಿ ಯಾರ ಮೊಣಕೈಯೂ ದವಡೆಗೆ ತಾಗುವುದಿಲ್ಲ. ಖಾಲಿ ಹೊಟ್ಟೆ ಬೇಡವೆಂದಿದ್ದರಿಂದ ಉಪ್ಪಿಟ್ಟು ತಿನ್ನಿಸಿ ಕರೆದೊಯ್ದೆ. ಬೇರು ಸೊಟ್ಟಗಿತ್ತು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ. ರಕ್ತ ಹಿಡಿತಕ್ಕೆ ಬರುವವರೆಗೆ ಅಲ್ಲೇ ಕೂರಿಸಿಕೊಂಡು, ಹೊಸ ಹತ್ತಿ ಇಟ್ಟು ಕಳಿಸಿದರು.

ಕೊಟ್ಟ ಸೂಚನೆಯ ಹಾಳೆ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಮರಾಠಿ. ಅವ್ವನಿಗೆ ಬರುವುದು ತರಕಾರಿ ಕೊಳ್ಳುವಷ್ಟು ಮರಾಠಿ. ಅಡುಗೆಮನೆಯಲ್ಲಿ ಕೂತು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ತುಟಿ ಜೋಮು ಇರುವತನಕ ಏನೂ ಅಗಿಯಬಾರದು, ತುಟಿ ಕಚ್ಚಿಕೊಂಡರೂ ತಿಳಿಯುವುದಿಲ್ಲ. ಇವತ್ತು ಬಿಸಿ ಬೇಡ. ಬಟ್ಟೆಯಲ್ಲಿ ಐಸು ಸುತ್ತಿ ಗಲ್ಲಕ್ಕೆ ಹದಿನೈದು ನಿಮಿಷ ಹಿಡಿ, ಅಷ್ಟೇ ಹೊತ್ತು ಬಿಡು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಮನೆಯ ಡಬ್ಬಿಯಲ್ಲಿರುವ ಬ್ರೂಫೆನ್ ಮುಟ್ಟಬೇಡ. ಇದನ್ನು ಡಾಕ್ಟರು ಎರಡು ಸಲ ಹೇಳಿದ್ದರು, ನಾನು ಕೆಳಗೆ ಎರಡು ಗೆರೆ ಎಳೆದೆ.

ರಾತ್ರಿ ಉದ್ದವಾಗಿತ್ತು. ಎರಡು ದಿಂಬು ಕೊಟ್ಟು ತಲೆ ಎತ್ತರಿಸಿ ಮಲಗಿಸಿದ್ದೆ. ಹತ್ತೂವರೆಗೆ ಎದ್ದು ಕೂತಳು. ದಿಂಬಿನ ಮೇಲೆ ತಿಳಿ ಗುಲಾಬಿ ಕಲೆ. "ರಕ್ತ ನುಂಗಿ ನುಂಗಿ ಹೊಟ್ಟ್ಯಾಗ ಏನಾರ ಆದೀತೇನವಾ" ಅಂದಳು, ಎಳೆಯ ಮಗುವಿನ ದನಿ. ಜೊಲ್ಲಿಗೆ ಬೆರೆತ ಒಂದು ಹನಿ ರಕ್ತವೂ ಬಹಳವಾಗಿ ಕಾಣುತ್ತದೆ ಎಂದೆ. ಶುದ್ಧ ಹತ್ತಿ ಮಡಿಸಿ ಇಟ್ಟು, ಗಡಿಯಾರ ನೋಡುತ್ತ ಅರ್ಧ ತಾಸು ಕಚ್ಚಿಸಿದೆ. ತೆಗೆದಾಗ ಬರೀ ತೇವ. ಆರಿದ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಚಮಚದಲ್ಲಿ ಎಡಗಡೆಗೆ ಕುಡಿಸಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವ್ವ ನನಗೆ ಕುಡಿಸುತ್ತಿದ್ದುದೂ ಇದೇ ಅಂಬಲಿ.

ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರು ಶುರುವಾಯಿತು. ಬಾಯಿಗೆ ತುಂಬಿಕೊಂಡು ತಲೆ ಮೆಲ್ಲಗೆ ಆಚೀಚೆ ವಾಲಿಸಿ, ಬಚ್ಚಲ ಮೇಲೆ ಬಾಗಿ ಬಾಯಿ ತೆರೆದರಾಯಿತು, ನೀರು ತಾನಾಗಿ ಬೀಳುತ್ತದೆ. ಎರಡನೇ ದಿನ ಗಲ್ಲ ಇನ್ನೂ ಊದಿತು, ಬಾಯಿಗೆ ಎರಡು ಬೆರಳೂ ಹೋಗದು. ಇದೂ ಹಾಳೆಯಲ್ಲಿತ್ತು, ಹಾಗಾಗಿ ಹೆದರಲಿಲ್ಲ. ನಾನು ಹೆದರಿ ಕಾದದ್ದು ಮೂರನೇ ರಾತ್ರಿಯನ್ನು. ಅವ್ವ ಗೊರಕೆ ಹೊಡೆದು ಮಲಗಿದಳು. ನಾನು ನಾಲ್ಕು ಸಲ ಎದ್ದು ನೋಡಿದೆ.

ಎಂಟನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದಾಗ ಮೆಟ್ಟಿಲ ಹತ್ತಿರ ಕಾಕು ಸಿಕ್ಕಳು; ಅವಳಿಗೂ ಒಂದು ಹಲ್ಲು ಕೀಳಿಸುವುದಿದೆಯಂತೆ. ಅವ್ವ ಒಳಗೆ ಬಂದವಳೇ ಫ್ರಿಜ್ಜಿನ ಹಾಳೆ ಬಿಡಿಸಿ ನನ್ನ ಮುಂದಿಟ್ಟಳು.

"ಹಿಂದ ಮರಾಠಿಯೊಳಗ ಬರದು ಕೊಡು ಅಕಿಗೆ. ಮ್ಯಾಲ ಮೊದಲ್ನೇ ಸಾಲು ಇದು ಇರ್ಲಿ: ಡಾಕ್ಟರ್ನ ಕೇಳಲಾರ್ದ ಗುಳಿಗಿ ಬಿಡಬ್ಯಾಡ."