ಕಡ್ಡಿ ಎಲ್ಲಾ ಇದ್ದವು, ಫೋನ್ ಹತ್ತಲಿಲ್ಲ

ಶಿವರಾತ್ರಿ ಮರುದಿನ, ಹುಬ್ಬಳ್ಳಿ ಸಿದ್ಧಾರೂಢ ಮಠದ ತೇರು. ಜನಜಂಗುಳಿಗೆ ಅಂತ ತಂದು ನಿಲ್ಲಿಸಿದ್ದ ಕೌ ವ್ಯಾನಿನ (ಚಕ್ರದ ಮೇಲಿನ ತಾತ್ಕಾಲಿಕ ಮೊಬೈಲ್ ಟವರ್) ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಒಬ್ಬ ಅಜ್ಜಿ ಬಂದು ಫೋನ್ ಚಾಚಿದರು.

"ತಮ್ಮಾ, ಕಡ್ಡಿ ಎಲ್ಲಾ ಅದಾವು, ಫೋನ್ ಹತ್ತವಲ್ದು ನೋಡು. ಮೊಮ್ಮಗ ಎಲ್ಲಿ ಹೋದ್ನೋ ಏನೋ."

ನೋಡಿದೆ. ನಾಲ್ಕು ಕಡ್ಡಿ. ಡಯಲ್ ಮಾಡಿದರೆ ಸದ್ದೇ ಇಲ್ಲ. ಆ ಸಿಗ್ನಲ್ ಬರ್ತಿದ್ದದ್ದು ನನ್ನ ಕೌನಿಂದಲೇ.

ಜಾತ್ರೆ ಅಂದ ಮೇಲೆ ರಶ್ ಇರುತ್ತೆ ಅಂದುಕೊಂಡೆ. ಆಂಟೆನಾದ ಟಿಲ್ಟ್ ಬದಲಿಸಿದೆ, ಪವರ್ ಇಳಿಸಿದೆ, ಲೋಡ್ ಪಕ್ಕದ ಸೈಟಿಗೆ (ಟವರಿಗೆ) ತಳ್ಳಿದೆ. ನಲವತ್ತು ನಿಮಿಷ ಹೋಯಿತು. ರೇಡಿಯೊ ಜಾಗ ಎಷ್ಟು ತುಂಬಿದೆ ಅಂತ ತೋರಿಸುವ ಪಿಆರ್‌ಬಿ ಗ್ರಾಫ್ ಕಣ್ಣ ಮುಂದೇ ಇತ್ತು, ಅರ್ಧವೂ ತುಂಬಿರಲಿಲ್ಲ. ಒಳಗೆ ಜಾಗ ಖಾಲಿ ಇದ್ದೂ ಜನ ಹೊರಗೇ ನಿಂತಿದ್ದಾರೆ ಅಂದರೆ ತೊಂದರೆ ಬಾಗಿಲಲ್ಲೇ ಅಲ್ವಾ? ಅಷ್ಟು ಸರಳ ಮಾತು ನನಗೆ ಹೊಳೆಯಲಿಲ್ಲ.

ನೆಟ್‌ವರ್ಕ್ ನಿಗಾ ಕೇಂದ್ರದ (ಎನ್‌ಒಸಿ) ಹುಡುಗಿ ಫೋನಿನಲ್ಲಿ ಹೇಳಿದಳು: "ಸರ್, ಪ್ರಿಯಾಂಬಲ್ ರಾಶಿ ಬರಾಕತ್ತಾವು. ಆದ್ರ ಮೆಸೇಜ್-3 ಬರವಲ್ದು."

ಪ್ರಿಯಾಂಬಲ್ ಅಂದರೆ ಫೋನ್ ಟವರಿನ ಬಾಗಿಲು ತಟ್ಟುವ ಸದ್ದು; ಟವರ್ "ಬಾ" ಅಂದ ಮೇಲೆ ಫೋನ್ ಕೊಡುವ ಉತ್ತರ ಮೆಸೇಜ್-3. ಎದೆ ಧಸಕ್ಕೆಂದಿತು. ಅಲ್ಲಿದ್ದ ಒಂದು ಫ್ಲೆಕ್ಸಿನ ಹಿಂಭಾಗದಲ್ಲೇ ಪೆನ್ನಿನಿಂದ ಲೆಕ್ಕ ಹಾಕಿದೆ. ಪ್ರಿಯಾಂಬಲ್ ಹುಟ್ಟುವ ಮೂಲ ಸರಣಿಯೇ ರೂಟ್ ಸೀಕ್ವೆನ್ಸ್, ಉದ್ದ 839. ಪಕ್ಕದ ಸೈಟಿನದ್ದು 210ರಿಂದ ಶುರು. ಒಂದೇ ರೂಟಿನ ಎರಡು ಪ್ರಿಯಾಂಬಲ್ ನಡುವಿನ ಅಂತರ, ಅಂದರೆ ಎನ್‌ಸಿಎಸ್, 119. 839ನ್ನು 119ರಿಂದ ಭಾಗಿಸಿದರೆ ಒಂದು ರೂಟಿಗೆ 7 ಪ್ರಿಯಾಂಬಲ್. ಒಂದು ಸೆಲ್‌ಗೆ 64 ಬೇಕು, ಅಂದರೆ 10 ರೂಟ್. 210ರಿಂದ 219ರವರೆಗೆ ಅದರದ್ದೇ. ನಾನು ಕೌಗೆ ಕೊಟ್ಟಿದ್ದು 214. ನಂಬರ್ ಬೇರೆ ಇದೆ ಅಂತ ಪ್ಲಾನಿಂಗ್ ಟೂಲ್ ಹಸಿರು ತೋರಿಸಿತ್ತು, ನಾನೂ ಒಪ್ಪಿದ್ದೆ. ಉಳಿದದ್ದೆಲ್ಲ ಆ ಸೈಟಿನ ಟೆಂಪ್ಲೇಟೇ: ಅದೇ ಬ್ಯಾಂಡ್, ಅದೇ ಪ್ರ್ಯಾಚ್ (ಬಾಗಿಲು ತಟ್ಟುವ) ಸಮಯ, ಹದಿನೈದು ಕಿ.ಮೀ. ದೂರಕ್ಕೆ ಆಗುವ ಎನ್‌ಸಿಎಸ್. ಎರಡೂ ಸೆಲ್‌ಗೆ 64ರಲ್ಲಿ 36 ಪ್ರಿಯಾಂಬಲ್ ಒಂದೇ. ಪಕ್ಕದ ಸೈಟಿನ ಬಾಗಿಲು ತಟ್ಟಿದವರಿಗೆಲ್ಲ ನನ್ನ ಕೌ ಕೂಡ "ಬಾ" ಅಂತಿತ್ತು. ಅವರು ಅದನ್ನು ಕೇಳುತ್ತಲೇ ಇರಲಿಲ್ಲ. ನಿಜವಾಗಿ ನನ್ನ ಬಾಗಿಲಲ್ಲಿ ನಿಂತವರಿಗೆ ಸರದಿಯೇ ಸಿಗಲಿಲ್ಲ.

ಇದಕ್ಕೆ ಮದ್ದು: ರೂಟ್ 600, ಎನ್‌ಸಿಎಸ್ 26. ಆ ಬಯಲಿಗೆ ಎರಡೇ ರೂಟ್ ಸಾಕಾಗಿತ್ತು. ಬದಲಿಸಲು ಎರಡು ನಿಮಿಷದ ಕೆಲಸ. ಆದರೆ ಜಾತ್ರೆಗೆ ಫ್ರೀಜ್ ಇತ್ತು, ಒಪ್ಪಿಗೆ ಇಲ್ಲದೆ ಏನೂ ಬದಲಿಸುವ ಹಾಗಿಲ್ಲ. ಬದಲಾವಣೆಯ ಕೋರಿಕೆಗೆ (ಸಿಆರ್) ಬೆಂಗಳೂರಿನಿಂದ ಒಪ್ಪಿಗೆ ಬರಲು ಇಪ್ಪತ್ತೈದು ನಿಮಿಷ. ಸ್ಥಳದಲ್ಲಿ ಇರುವವನ ಕೈಯಲ್ಲಿ ಒಂದು ಸೆಲ್ ಲಾಕ್ ಮಾಡುವ (ತಾತ್ಕಾಲಿಕವಾಗಿ ನಿಲ್ಲಿಸುವ) ಅಧಿಕಾರವೂ ಇರಬಾರದಾ? ಇದನ್ನು ಇವತ್ತಿಗೂ ಮೀಟಿಂಗಿನಲ್ಲಿ ಕೇಳ್ತೀನಿ. ಅನ್‌ಲಾಕ್ ಆಗಿ ಮೆಸೇಜ್-3 ಏರತೊಡಗಿದಾಗ ತೇರು ಎಳೆದು ಮುಗಿದಿತ್ತು. ಅಜ್ಜಿಯ ಮೊಮ್ಮಗ ಅಷ್ಟರಲ್ಲಿ ಸಿಕ್ಕಿದ್ದ. ನಮ್ಮ ನೆಟ್‌ವರ್ಕಿನಿಂದಲ್ಲ, ಡ್ರೈವರ್ ಅಣ್ಣ ಹೋಗಿ ಮೈಕಿನಲ್ಲಿ ಹೆಸರು ಕೂಗಿಸಿದ್ದರಿಂದ.

ಈಗ ಆಫೀಸಿನಲ್ಲಿ ಮುಂದಿನ ಪೀಳಿಗೆಯ ಮಾತು ಜೋರಾಗಿದೆ. ನೋಮಾ, ಗ್ರಾಂಟ್-ಫ್ರೀ (ಮೊದಲು ಅನುಮತಿ ಕೇಳದೆ ಕಳಿಸುವುದು), 6ಜಿ. ಒಂದೇ ಜಾಗದಲ್ಲಿ ಹಲವರನ್ನು ಕೂರಿಸಿ ಆಮೇಲೆ ಬಿಡಿಸಿಕೊಳ್ಳುವ ನೋಮಾ ನನಗೂ ಬಹಳ ಇಷ್ಟದ ವಿಷಯ. ಮೊಬೈಲ್ ಸ್ಟ್ಯಾಂಡರ್ಡ್ ಬರೆಯುವ 3ಜಿಪಿಪಿ ತನ್ನ ರಿಲೀಸ್ 16ಕ್ಕೆ ಅದನ್ನು ಅಧ್ಯಯನ ಮಾಡಿತು, ಸ್ಟ್ಯಾಂಡರ್ಡಿಗೆ ಸೇರಿಸಲಿಲ್ಲ. ಅದೇ ರಿಲೀಸಿನಲ್ಲಿ ಎರಡು ಹೆಜ್ಜೆಯ ರ್ಯಾಚ್ (ಬಾಗಿಲು ತಟ್ಟಿ ಒಳಬರುವ ವಿಧಾನ) ಬಂತು, ಪ್ರಿಯಾಂಬಲ್ ಜೊತೆಗೇ ಡೇಟಾ ಹೋಗುತ್ತೆ. ಅಲ್ಲಿಯೂ ಪ್ರಿಯಾಂಬಲ್ ಬೇಕೇ ಬೇಕು. ಪಕ್ಕದ ಸೆಲ್‌ನದ್ದೇ ಕೊಟ್ಟರೆ ಅಲ್ಲಿಯೂ ಇದೇ ಗತಿ.

ಟೂಲ್ ಟೀಮಿಗೆ ಟಿಕೆಟ್ ಹಾಕಿದ್ದೀನಿ: ಶುರುವಿನ ನಂಬರ್ ಮಾತ್ರ ನೋಡಬೇಡಿ, ಕೊನೆಯದನ್ನೂ ನೋಡಿ ಅಂತ. ಇನ್ನೂ ಓಪನ್ ಇದೆ. ಅಲ್ಲಿವರೆಗೆ ಹುಬ್ಬಳ್ಳಿ-ಧಾರವಾಡದ ಪ್ರತಿ ಸೈಟಿನ ಎರಡೂ ನಂಬರ್ ನನ್ನ ಎಕ್ಸೆಲ್‌ನಲ್ಲಿ ಇವೆ. ಹೊಸ ಕೌ ಹೊರಡುವ ಹಿಂದಿನ ರಾತ್ರಿ ಕೂತು ಒಂದೊಂದಾಗಿ ತಾಳೆ ನೋಡ್ತೀನಿ.