ನಾನು ಹಾಕಿದ ಒಂದು ಮೀಟರ್

ನಮ್ಮ ಆಫೀಸಿನ ಸ್ಕ್ರೀನಿನಲ್ಲಿ ನೆಲದಡಿಯ ಬೆಂಗಳೂರು ಬಲು ಅಚ್ಚುಕಟ್ಟು. ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಕೆಂಪು ಕರೆಂಟು, ಹಳದಿ ಗ್ಯಾಸು, ಕಿತ್ತಳೆ ಇಂಟರ್‌ನೆಟ್ ಕೇಬಲ್ಲು. ಮೌಸ್ ಹಿಡಿದು ತಿರುಗಿಸಿದರೆ ರಸ್ತೆ ಗಾಜಿನ ಹಾಗಾಗಿ ಕೆಳಗಿನ ಪೈಪುಗಳು ಸಾಲಾಗಿ ಕಾಣುತ್ತವೆ. ಪಕ್ಕದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಸಂಪು, ಪಾಯ ಎಲ್ಲ ಅದೇ ಮಾಡೆಲ್‌ನೊಳಗೆ. ಮೀಟಿಂಗಿನಲ್ಲಿ ತೋರಿಸಿದರೆ ಎಲ್ಲರೂ "ವಾವ್" ಅನ್ನುತ್ತಾರೆ. ಐದಾರು ವರ್ಷ ನಾನೂ ಆ "ವಾವ್"ಗೋಸ್ಕರವೇ ದುಡಿದೆ ಅನ್ನಿ.

ಕಳೆದ ಮೇ ತಿಂಗಳ ಒಂದು ಬೆಳಗ್ಗೆ ಸೈಟಿನಿಂದ ಫೋನ್ ಬಂತು. ಊರಿನ ಉತ್ತರಕ್ಕೆ ಒಂದು ಬೀದಿಯಲ್ಲಿ ಕೇಬಲ್ ಡಕ್ಟಿಗೆ ಟ್ರೆಂಚ್ ತೆಗೆಯುತ್ತಿದ್ದರು. ಮಾಡೆಲ್ ಮಾಡಿಕೊಟ್ಟಿದ್ದು ನಾನು. ನಾನು ಹೋಗುವಷ್ಟರಲ್ಲಿ ನೀರು ಕಾರಂಜಿ ಆಗಿ, ಆಮೇಲೆ ಹೊಳೆ ಆಗಿ, ಮೂಲೆಯ ದಿನಸಿ ಅಂಗಡಿಯವರು ಅಕ್ಕಿ ಮೂಟೆಗಳನ್ನು ಬೆಂಚಿನ ಮೇಲೆ ಎತ್ತಿಡುತ್ತಿದ್ದರು. ಜೆಸಿಬಿ ಹುಡುಗ ಯಾದಗಿರಿ ಕಡೆಯವನು. ಇಳಿದು ಬಂದು ಹೇಳಿದ: "ಮೇಡಂರೀ, ನಿಮ್ಮ ಮ್ಯಾಪಿನ್ಯಾಗ ಒಂದ್ ಮೀಟರ್ ಕೆಳಗ ಐತಿ ಅಂತ ಇತ್ತಲ್ರೀ? ಎರಡ ಫೂಟಿಗೇ ಬಡೀತು ನೋಡ್ರಿ."

ನೀರು ನಿಲ್ಲಿಸಿದ ಮೇಲೆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಟೇಪ್ ಹಿಡಿದೆ. ರಸ್ತೆಯಿಂದ ಪೈಪಿನ ನೆತ್ತಿಗೆ 58 ಸೆಂಟಿಮೀಟರ್. ಮಾಡೆಲ್‌ನಲ್ಲಿ 1.00 ಮೀಟರ್.

ಆ 1.00 ಎಲ್ಲಿಂದ ಬಂತು? ನನ್ನ ಕೀಬೋರ್ಡಿನಿಂದ. ನಮಗೆ ಸಿಕ್ಕಿದ್ದು ಹಳೆಯ ಡ್ರಾಯಿಂಗುಗಳ ಸ್ಕ್ಯಾನು. ಅದರಲ್ಲಿ ಒಂದು ಗೆರೆ, ಪಕ್ಕದಲ್ಲಿ "150 ಎಂಎಂ ಸಿಐ", ಅಂದರೆ ಬೀಡು ಕಬ್ಬಿಣದ ಪೈಪು. ಅಷ್ಟೇ. ಆಳ ಬರೆದಿರಲಿಲ್ಲ. ಕಾಗದದ ಮೇಲಾದರೆ ಆಳ ಇಲ್ಲದೆಯೂ ಗೆರೆ ಎಳೆಯಬಹುದು. ತ್ರೀಡಿ ಸಾಫ್ಟ್‌ವೇರ್ ಬಿಡುವುದಿಲ್ಲ. ಪೈಪು ಎಲ್ಲಾದರೂ ಒಂದು ಕಡೆ ಇರಲೇಬೇಕು ಅನ್ನುತ್ತದೆ. ನೀರಿನ ಪೈಪಿನ ಮೇಲೆ ಸಾಮಾನ್ಯವಾಗಿ ಮೀಟರಿನಷ್ಟು ಮಣ್ಣು ಬಿಡುತ್ತಾರೆ, ಅಲ್ವಾ? ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ 1.00 ಒತ್ತಿ ಎಂಟರ್ ಹೊಡೆದೆ. 214 ತುಂಡು ಪೈಪು, ಒಂದೇ ಏಟಿಗೆ. "ರಿಮಾರ್ಕ್ಸ್" ಕಾಲಮ್ಮಿನಲ್ಲಿ "ಅಂದಾಜು" ಅಂತ ಪ್ರಾಮಾಣಿಕವಾಗಿ ಬರೆದೂ ಇದ್ದೆ. ಆದರೆ ರಿಮಾರ್ಕ್ಸ್ ಕಾಲಮ್ಮನ್ನು ತೆರೆದು ನೋಡುವವರು ಯಾರು? ಬಣ್ಣದ ಮಾಡೆಲ್‌ನಲ್ಲಿ ಆ ಪೈಪು, ಅಳೆದು ಹಾಕಿದ ಪಕ್ಕದ ಪೈಪಿನಷ್ಟೇ ನೀಲಿ, ಅಷ್ಟೇ ದುಂಡಗೆ, ಅಷ್ಟೇ ಹೊಳಪು.

ಹಳೆಯ ಡ್ರಾಫ್ಟ್ಸ್‌ಮನ್ನುಗಳು ಈ ವಿಷಯದಲ್ಲಿ ನನಗಿಂತ ವಾಸಿ. ಗೊತ್ತಿಲ್ಲದ ಕಡೆ ಚುಕ್ಕಿಗೆರೆ ಎಳೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುತ್ತಿದ್ದರು. ನಾವು ಸ್ಕ್ಯಾನಿನ ಮೇಲೆ ಗೆರೆ ತಿದ್ದುವಾಗ ಆ ಚಿಹ್ನೆಯನ್ನು ಕಸ ಅಂತ ಅಳಿಸಿದ್ದೇವೆ. ಸುಮ್ನೆ ಹೇಳುತ್ತಿಲ್ಲ. ಆಮೇಲೆ ಹೋಗಿ ಸ್ಕ್ಯಾನು ತೆಗೆದು ನೋಡಿದೆ. ಆ ಬೀದಿಯಲ್ಲೇ ಎರಡು ಕಡೆ ಇತ್ತು.

ಇನ್ನು, ಪೈಪು ಮೇಲೆ ಬಂದಿದ್ದು ಹೇಗೆ? ಪೈಪು ಎಲ್ಲೂ ಹೋಗಿರಲಿಲ್ಲ. ರಸ್ತೆ ಕೆಳಗೆ ಬಂದಿತ್ತು. ಬೆಂಗಳೂರಿನವರಿಗೆ ರಸ್ತೆ ಮೇಲೇರುವುದು ಗೊತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಇಲ್ಲಿ ಆಗಿದ್ದು ಉಲ್ಟಾ. ಬೀದಿಯ ನಡುವೆ ಒಂದು ದಿಬ್ಬ ಇತ್ತಂತೆ, ರಸ್ತೆ ಹೊಸದಾಗಿ ಮಾಡುವಾಗ ಅದನ್ನು ಕೆತ್ತಿ ಸಮ ಮಾಡಿದ್ದಾರೆ. ಹಾಗಾಗಿ "ರಸ್ತೆಯಿಂದ ಎಷ್ಟು ಆಳ" ಅನ್ನುವ ಲೆಕ್ಕವೇ ದಂಡ. ರಸ್ತೆಯೇ ಏರುತ್ತೆ, ಇಳಿಯುತ್ತೆ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿಡಬೇಕು. ಸೈಟಿನಲ್ಲಿ ಅದಕ್ಕೆ ಆರ್‌ಎಲ್ ಅನ್ನುತ್ತಾರೆ. ಪೈಪಿನ ನೆತ್ತಿಯ ಆರ್‌ಎಲ್ 912.43 ಅಂತ ಇದ್ದರೆ, ಮೇಲೆ ಎಷ್ಟು ಡಾಂಬರು ಸುರಿದರೂ ಅದು 912.43.

ಆರ್‌ಎಲ್‌ನಲ್ಲೂ ಒಂದು ಗುಂಡಿ ಇದೆ, ಬೀಳುವವರಿಗೆ. ಜಿಪಿಎಸ್ ಯಂತ್ರ ಕೊಡುವ ಎತ್ತರ ಸಮುದ್ರ ಮಟ್ಟದ್ದಲ್ಲ, ಲೆಕ್ಕಕ್ಕೆ ಇಟ್ಟುಕೊಂಡ ಒಂದು ನುಣುಪು ಭೂಮಿಯಿಂದ ಅಳೆದದ್ದು. ಬೆಂಗಳೂರಿನಲ್ಲಿ ಎರಡಕ್ಕೂ ಸುಮಾರು 86 ಮೀಟರ್ ವ್ಯತ್ಯಾಸ. ಒಮ್ಮೆ ನಮ್ಮದೇ ತಂಡದ ಹುಡುಗ ಇದನ್ನು ಸರಿ ಮಾಡದೆ ಒಂದು ಕಟ್ಟಡದ ಮಾಡೆಲ್ ಅಪ್‌ಲೋಡ್ ಮಾಡಿದ್ದ. ಹದಿನಾಲ್ಕು ಮಹಡಿ ಕಾಣಲೇ ಇಲ್ಲ. ಹುಡುಕಿದರೆ, ಟೆರೇಸ್ ಟ್ಯಾಂಕಿನ ಸಮೇತ ಎಲ್ಲ ಪಾತಾಳದಲ್ಲಿ! ಅಂಥ ತಪ್ಪು ನನಗೆ ಇಷ್ಟ. ಕಣ್ಣಿಗೆ ಹೊಡೆಯುತ್ತೆ, ಎಲ್ಲರೂ ನಗುತ್ತಾರೆ, ಐದು ನಿಮಿಷದಲ್ಲಿ ಸರಿಹೋಗುತ್ತೆ. 42 ಸೆಂಟಿಮೀಟರಿನ ತಪ್ಪು ಹಾಗಲ್ಲ. ಅದು ಸರಿಯಾದದ್ದರ ಹಾಗೇ ಕಾಣುತ್ತೆ.

ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 2002ರಲ್ಲೇ ಇದಕ್ಕೊಂದು ದಾರಿ ಬರೆದಿಟ್ಟಿದೆ. ಪ್ರತಿ ಪೈಪಿಗೂ ಎ, ಬಿ, ಸಿ, ಡಿ ಅಂತ ಒಂದು ದರ್ಜೆ. ಹಳೆಯ ಕಾಗದ ಅಥವಾ ಯಾರದೋ ನೆನಪು ಮಾತ್ರ ಇದ್ದರೆ ಡಿ. ಮೇಲೆ ಕಾಣುವ ಮ್ಯಾನ್‌ಹೋಲು, ವಾಲ್ವ್ ಚೇಂಬರು ಅಳೆದು ಅದಕ್ಕೆ ಹೊಂದಿಸಿದ್ದರೆ ಸಿ. ಯಂತ್ರದಿಂದ ಪತ್ತೆ ಹಚ್ಚಿದ್ದರೆ ಬಿ. ಅಗೆದು, ಕಣ್ಣಾರೆ ಕಂಡು ಅಳೆದಿದ್ದರೆ ಎ. ನನ್ನ 214 ತುಂಡೂ ಡಿ. ಓದಿ ಗೊತ್ತಿತ್ತು, ಸರ್ಟಿಫಿಕೇಟೂ ಇದೆ. ಮಾಡೆಲ್‌ಗೆ ಮಾತ್ರ ಹಾಕಿರಲಿಲ್ಲ.

ಯಂತ್ರ ತಂದರೆ ಆಯ್ತಲ್ಲ ಅನ್ನುವವರು ಒಮ್ಮೆ ಜಿಪಿಆರ್ ತಳ್ಳಿ ನೋಡಬೇಕು. ಮಗುವಿನ ತಳ್ಳುಗಾಡಿಯ ಹಾಗೆ ಇರುತ್ತೆ. ನೆಲದೊಳಕ್ಕೆ ರೇಡಿಯೋ ಅಲೆ ಬಿಡುತ್ತದೆ, ಪೈಪು ಇದ್ದ ಕಡೆ ಪರದೆಯಲ್ಲಿ ಕವುಚಿದ ಬೋಗುಣಿಯ ಹಾಗೆ ಒಂದು ಕಮಾನು ಮೂಡುತ್ತದೆ. ಒಣ ಮರಳಿನಲ್ಲಿ ಸೊಗಸಾಗಿ ಕಾಣುತ್ತದೆ. ಮಳೆ ಬಂದ ಮಾರನೇ ದಿನ ಜೇಡಿಮಣ್ಣಿನಲ್ಲಿ ಹೋಗಿ, ಮೀಟರ್ ಆಳಕ್ಕೆ ಇಳಿದರೆ ಪುಣ್ಯ. ಅಲೆಯನ್ನೆಲ್ಲ ಒದ್ದೆ ಮಣ್ಣು ಕುಡಿದುಬಿಡುತ್ತೆ.

ಬ್ರಿಟನ್ನಿನಲ್ಲಿ ವರ್ಷಕ್ಕೆ 40 ಲಕ್ಷ ಗುಂಡಿ ಅಗೆಯುತ್ತಾರೆ, ಸುಮಾರು 60 ಸಾವಿರ ಸಲ ಏನಾದರೊಂದಕ್ಕೆ ಬಡಿಯುತ್ತೆ ಅಂತ ಅಲ್ಲಿನ ಸರ್ಕಾರದ ಲೆಕ್ಕ. ಅದಕ್ಕೇ ಎಲ್ಲ ಕಂಪನಿಗಳ ಪೈಪು, ಕೇಬಲ್ಲುಗಳನ್ನು ಒಂದೇ ಹಂಚಿಕೆಯ ನಕ್ಷೆಗೆ ತರುತ್ತಿದ್ದಾರೆ. ನಮ್ಮಲ್ಲಿ 2023ರ ಮಾರ್ಚಿನಲ್ಲಿ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಬಂತು. ಅಗೆಯುವ ಮೊದಲು ಜಾಗ ತಿಳಿಸಿದರೆ, ಅಲ್ಲಿ ಪೈಪು ಕೇಬಲ್ಲು ಇರುವವರಿಗೆ ಸುದ್ದಿ ಮುಟ್ಟುತ್ತದೆ. ಎರಡೂ ಬೇಕಾದ್ದೇ. ಆದರೆ ಹಂಚಿಕೊಂಡಾಗ ನನ್ನ 1.00 ಕೂಡ ಹಂಚಿಕೆಯಾಗುತ್ತೆ, ಅಲ್ವಾ? ಮೊದಲು ಅದು ನನ್ನೊಬ್ಬಳ ಅಂದಾಜು. ಹತ್ತು ಆಫೀಸಿನ ಸ್ಕ್ರೀನಿನಲ್ಲಿ ಕಂಡ ಮೇಲೆ ಅದು ದಾಖಲೆ.

ಹಾಗಾಗಿ ಮಾಡೆಲ್ ಬದಲಾಯಿಸಿದೆ. ಡಿ ದರ್ಜೆಯ ಪೈಪಿಗೆ ಈಗ ನೀಲಿ ಇಲ್ಲ, ಬೂದು. ಸುತ್ತ ಮಂಜಿನ ಹಾಗೆ ಒಂದು ತೆಳು ಕೊಳವೆ. ಪೈಪು ಇದರೊಳಗೆ ಎಲ್ಲೋ ಇದೆ ಅಂತ ಅರ್ಥ. ಅಳೆದ ಮೇಲೇ ಬಣ್ಣ. ಮುಂದಿನ ಮೀಟಿಂಗಿನಲ್ಲಿ ಯಾರೂ "ವಾವ್" ಅನ್ನಲಿಲ್ಲ. ಮುಕ್ಕಾಲು ಪಾಲು ರಸ್ತೆ ಬೂದಿ ಬಳಿದ ಹಾಗಿತ್ತು. ನಮ್ಮ ಬಾಸ್ ಆಚೆ ಕರೆದು, "ಏನಮ್ಮಾ ಇದು, ದುಡ್ಡು ತಗೊಂಡು ಗೊತ್ತಿಲ್ಲ ಗೊತ್ತಿಲ್ಲ ಅಂತ ತೋರಿಸ್ತಿದೀಯಲ್ಲ" ಅಂದರು. ಪಾಪ, ಅವರ ಕಷ್ಟ ಅವರಿಗೆ. ಆದರೆ ಗುತ್ತಿಗೆದಾರರ ಎಂಜಿನಿಯರು ಆ ಬೂದು ನೋಡಿಯೇ ನಾಲ್ಕು ಕಡೆ ಟ್ರಯಲ್ ಪಿಟ್, ಅಂದರೆ ಪೈಪು ಎಲ್ಲಿದೆ ಅಂತ ಮೊದಲೇ ತೋಡಿ ನೋಡುವ ಸಣ್ಣ ಗುಂಡಿ, ಕೇಳಿದರು. ಜೆಸಿಬಿ ಅಲ್ಲ, ಗುದ್ದಲಿಯಲ್ಲಿ.

ಆ ಬೀದಿಗೆ ನೀರು ಬಿಡುವ ವಾಲ್ವ್‌ಮ್ಯಾನ್ ಅಣ್ಣನಿಗೂ ಹೇಳಿಟ್ಟಿದ್ದೇನೆ. ಎಲ್ಲೇ ಗುಂಡಿ ತೆರೆದರೂ ಪೈಪಿನ ಪಕ್ಕ ಟೇಪ್ ಹಿಡಿದು ಫೋಟೋ ಕಳಿಸಿ ಅಂತ. ಮುಚ್ಚಿದ ಮೇಲೆ ಹತ್ತು ವರ್ಷ ಯಾರೂ ನೋಡದ ಗುಂಡಿಗಳವು. ಕಳಿಸುತ್ತಲೂ ಇದ್ದಾರೆ, ಹನ್ನೊಂದು ಪೈಪು ಹಾಗೆ ಬೂದಿನಿಂದ ನೀಲಿ ಆಗಿವೆ. ಮೊನ್ನೆ ಮಂಗಳವಾರ ಇನ್ನೊಂದು ಬಂತು. ಒಳ್ಳೆ ಬೆಳಕು, ಪೈಪಿನ ಜಾಯಿಂಟ್ ಸಮೇತ ಸ್ಪಷ್ಟವಾಗಿದೆ, ಟೇಪೂ ನೆಟ್ಟಗಿದೆ. ಸರಿಯಾಗಿ ಅಂಕಿಯ ಮೇಲೆ ಅವರ ಹೆಬ್ಬೆರಳು.

ಕೂಡಲೇ ಫೋನ್ ಮಾಡಿದೆ. "ಅಯ್ಯೋ ಮೇಡಂ, ಈಗಷ್ಟೇ ಮುಚ್ಚಿಬಿಟ್ರು" ಅಂದರು.

ಅದಿನ್ನೂ ಬೂದು.