ಬೂದಿ ಎಲ್ಲಿ ಹೋಗುತ್ತೆ ಸರ್?

ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಸೆಕೆಂಡ್ ಪಿಯುಸಿಯಲ್ಲಿ ಬೈಜಿಕ ಸಮ್ಮಿಲನ, ಅಂದರೆ ನ್ಯೂಕ್ಲಿಯರ್ ಫ್ಯೂಷನ್, ಬಂದಾಗಲೆಲ್ಲ ಒಂದೇ ಹೋಲಿಕೆ ಕೊಡುತ್ತಿದ್ದೆ. ನಕ್ಷತ್ರ ಅಂದರೆ ನಮ್ಮ ಮಂಡಕ್ಕಿ ಭಟ್ಟಿ ಇದ್ದ ಹಾಗೆ. ಹೈಡ್ರೋಜನ್ ಉರಿಯುತ್ತೆ, ಖಾಲಿಯಾದ ದಿನ ಆರುತ್ತೆ. ಮಕ್ಕಳು ತಲೆಯಾಡಿಸುತ್ತಿದ್ದರು, ನಾನು ಮುಂದಕ್ಕೆ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ಭಟ್ಟಿಯಲ್ಲೇ ಕೆಲಸ ಮಾಡುವವರು. "ಭಟ್ಟಿಗೆ ಹೊಟ್ಟು ಹಾಕಿದ್ರೆ ದಿನಾ ಬೂದಿ ಎಳೀಬೇಕು. ನಕ್ಷತ್ರದ ಬೂದಿ ಎಲ್ಲಿ ಹೋಗುತ್ತೆ ಸರ್?"

"ಹೀಲಿಯಂ ಅಲ್ಲೇ ಉಳಿಯುತ್ತೆ" ಅಂದು ಕೂರಿಸಿದೆ. ಸ್ಟಾಫ್ ರೂಮಿಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ. ನನ್ನ ಹೋಲಿಕೆಯೇ ತಪ್ಪಾಗಿತ್ತು. ಹೊಟ್ಟು ಉರಿಯೋದು ಗಾಳಿಯ ಆಮ್ಲಜನಕದ ಜೊತೆ ಸೇರಿ. ಅಲ್ಲಿ ಪರಮಾಣುವಿನ ನಡುವಿನ ಬೀಜಕೇಂದ್ರಕ್ಕೆ ಏನೂ ಆಗುವುದಿಲ್ಲ. ಸೂರ್ಯನ ತಿರುಳಿನಲ್ಲಿ, 1.5 ಕೋಟಿ ಡಿಗ್ರಿ ಕಾವಿನಲ್ಲಿ, ಬೀಜಕೇಂದ್ರಗಳೇ ಒಂದಕ್ಕೊಂದು ಸೇರುತ್ತವೆ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತೆ. ಅದರಲ್ಲಿ 40 ಲಕ್ಷ ಟನ್‌ನಷ್ಟು ಶಕ್ತಿಯಾಗಿ ಹೋಗುತ್ತೆ. ಇನ್ನು ದೊಡ್ಡ ನಕ್ಷತ್ರದಲ್ಲಂತೂ ಬೂದಿಯೇ ಮುಂದಿನ ಸೌದೆ! ಭಟ್ಟಿಯಲ್ಲಿ ಇದು ಎಂದಾದರೂ ಆಗುತ್ತಾ?

ಮಾರನೇ ದಿನ ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಂಡು ಬಂಧನ ಶಕ್ತಿಯ ಗ್ರಾಫ್ ಬರೆದೆ. ಯಾವ ಬೀಜಕೇಂದ್ರದ ಕಣಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿವೆ ಅಂತ ತೋರಿಸುತ್ತೆ ಅದು. ಪ್ರತಿ ವರ್ಷ ಬರೀ ಮಾರ್ಕ್ಸಿಗೆ ಅಂತ ಬರೆಸುತ್ತಿದ್ದ ಗ್ರಾಫ್ ಅದು. ಆ ಹುಡುಗಿಯನ್ನೇ ಕರೆದು ಗೆರೆಯ ಮೇಲೆ ಬೆರಳಿಡಿಸಿದೆ. ಹೈಡ್ರೋಜನ್‌ನಿಂದ ಕಡಿದಾಗಿ ಏರುತ್ತದೆ. ಹೀಲಿಯಂ, ಕಾರ್ಬನ್, ಆಕ್ಸಿಜನ್, ಸಿಲಿಕಾನ್. ಏರುವವರೆಗೂ ಸೇರಿದಷ್ಟೂ ಶಕ್ತಿ ಹೊರಬರುತ್ತೆ ಅಂದೆ. ದ್ರವ್ಯರಾಶಿ ಸಂಖ್ಯೆ 56ರ ಹತ್ತಿರ, ಕಬ್ಬಿಣದ ನೆತ್ತಿಯಲ್ಲಿ, ಸೀಮೆಸುಣ್ಣ ಮೆತ್ತಿದ ಬೆರಳು ತಾನಾಗಿ ನಿಂತಿತು. "ಇಲ್ಲಿಂದ ಆಚೆ ಇಳಿಜಾರು. ಸೇರಿಸ್ಬೇಕಂದ್ರೆ ನಾವೇ ಕೈಯಿಂದ ಹಾಕ್ಬೇಕು, ಅಲ್ವಾ ಸರ್?" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಸೂರ್ಯನ 25 ಪಟ್ಟು ತೂಕದ ನಕ್ಷತ್ರದಲ್ಲಿ ಯಾವ ಸೌದೆ ಎಷ್ಟು ಕಾಲ ಬರುತ್ತೆ ಅನ್ನೋ ಲೆಕ್ಕ ಬರೆದೆ. ಹೈಡ್ರೋಜನ್ ಸುಮಾರು 70 ಲಕ್ಷ ವರ್ಷ. ಹೀಲಿಯಂ 7 ಲಕ್ಷ. ಕಾರ್ಬನ್ 600 ವರ್ಷ. ನಿಯಾನ್ ಒಂದು ವರ್ಷ, ಆಕ್ಸಿಜನ್ ಆರು ತಿಂಗಳು, ಸಿಲಿಕಾನ್ ಒಂದೇ ದಿನ. ಸೂರ್ಯನ ಹೈಡ್ರೋಜನ್ ಸುಮಾರು 1,000 ಕೋಟಿ ವರ್ಷ ಬಾಳುತ್ತೆ. ತೂಕ ಜಾಸ್ತಿಯಾದಷ್ಟೂ ತಿರುಳು ಹೆಚ್ಚು ಕಾಯುತ್ತೆ, ಖರ್ಚೂ ಹೆಚ್ಚು. ಕ್ಲಾಸು ಪೂರ್ತಿ ಸುಮ್ಮನಾಗಿತ್ತು. ಹೀಗೆ ಕೊನೆಗೆ ಕೂಡಿಕೊಳ್ಳುವ ಕಬ್ಬಿಣದ ತಿರುಳಿನ ತೂಕ ಸೂರ್ಯನ ಸುಮಾರು 1.4 ಪಟ್ಟು ಮುಟ್ಟಿದರೆ ಅದು ತನ್ನ ಭಾರ ತಾನೇ ತಡೆಯಲಾರದು. ನಮ್ಮ ವಿಜ್ಞಾನಿ ಎಸ್. ಚಂದ್ರಶೇಖರ್ ಅವರ ಹೆಸರಿನ ಮಿತಿ ಅದು. ಸೆಕೆಂಡಿನೊಳಗೆ ಕುಸಿಯುತ್ತೆ, ಹೊರಪದರ ಸೂಪರ್‌ನೋವಾ ಅನ್ನೋ ಸ್ಫೋಟವಾಗಿ ಚಿಮ್ಮುತ್ತೆ. ಎಷ್ಟೋ ಸಲ ಕೊನೆಗೆ ಉಳಿಯುವುದು ಸುಮಾರು 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ. ಇಲ್ಲಿಂದ ಹೊರಟರೆ ಹರಿಹರ ದಾಟುವಷ್ಟು.

ಆ ಜನವರಿಯಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಪೂರ್ವದಲ್ಲಿ ಸಾಲಾಗಿ ಮೂರು ನಕ್ಷತ್ರ, ಅದರ ಎಡಕ್ಕೆ ಕೆಂಪಗೆ ಆರಿದ್ರಾ, ಅಂಥದ್ದೇ ಒಂದು ದೊಡ್ಡ ನಕ್ಷತ್ರ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರಾ" ಅಂತ ಮನೆಯಲ್ಲಿ ಮಳೆಯ ಮಾತು ಕೇಳಿದ್ದ ಮಕ್ಕಳು, ಅದು ಕಣ್ಣಿಗೆ ಕಾಣುವ ನಕ್ಷತ್ರ ಅಂತ ತಿಳಿದು ಬೆರಗಾದರು.

ಆ ಹುಡುಗಿ ತುಂಬ ಹೊತ್ತು ನೋಡುತ್ತಾ ನಿಂತಿದ್ದಳು. "ಈಗ ಅದರೊಳಗೆ ಏನು ಸೇರ್ತಿದೆ ಸರ್?"

ಉರೀತಿದೆ ಅನ್ನಲಿಲ್ಲ. ಸೇರ್ತಿದೆ ಅಂದಳು.

"ಹೀಲಿಯಂ ಕಣಮ್ಮ" ಅಂದೆ.